ಚಳಿಗಾಲದಲ್ಲಿ ಕಡಿಮೆ ಖರ್ಚಿನಲ್ಲಿ ಮನೆ ಬೆಚ್ಚಗಿಡುವುದು ಹೇಗೆ?



ಈ ತಿಂಗಳ ಗೋಡೆ ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯಿರಿ ಎಂದು ಗುರುಗಳು ಹೇಳಿದಾಗ ಕೆಲವರು ಸೌರವ್ಯೂಹ ಎಂದರು, ಕೆಲವರು ರಾಕೆಟ್ ಎಂದರು. ನಾನು ಥಂಡಿ ಬಗ್ಗೆ ಬರೆಯುತ್ತೇನೆ ಎಂದೆ. ಎಲ್ಲರೂ ನಕ್ಕರು. "ಥಂಡಿ ಬಗ್ಗೆ ಏನ್ ಬರೀತಿ? ಕೌದಿ ಹೊಚ್ಚಿಕೊಂಡು ಮಲಗೂದು, ಅಷ್ಟ" ಎಂದು ಹಿಂದಿನ ಬೆಂಚಿನಿಂದ ಒಬ್ಬ ಅಂದ. ಅವನು ಹೇಳಿದ್ದು ಅರ್ಧ ಖರೇನೇ ಐತಿ. ಉಳಿದ ಅರ್ಧ ಗೊತ್ತಿಲ್ಲದ್ದಕ್ಕೆ ನಮ್ಮ ಮನೆಯಲ್ಲಿ ಕಳೆದ ವರ್ಷ ಎರಡು ಜೀವ ಹೋಗುವುದರಲ್ಲಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ನಡೆದದ್ದು

ಕಳೆದ ವರ್ಷ ಡಿಸೆಂಬರ್ ತಿಂಗಳಲ್ಲಿ ನಮ್ಮ ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಮನೆಗೆ ಕರೆದುಕೊಂಡು ಬಂದಾಗ ಎಲ್ಲಿ ಮಲಗಿಸಬೇಕು ಎಂಬ ಮಾತು ಬಂತು. ನಮ್ಮದು ಹಳೇ ಮಣ್ಣಿನ ಮಾಳಿಗಿ ಮನೆ. ಅದರ ಮುಂದೆ ಅಪ್ಪ ಸಿಮೆಂಟ್ ಇಟ್ಟಂಗಿಯ ಒಂದು ಹೊಸ ಖೋಲಿ ಕಟ್ಟಿಸಿದ್ದಾರೆ. ಮೇಲೆ ತಗಡು, ಕೆಳಗೆ ಫರಸಿ. "ಹೊಸ ಖೋಲಿ ಸ್ವಚ್ಛ ಐತಿ, ಅಲ್ಲೇ ಹೊರಸು ಹಾಕ್ರಿ" ಎಂದು ಎಲ್ಲರೂ ಹೇಳಿದರು.

ಆ ಖೋಲಿ ಹಗಲು ರೊಟ್ಟಿ ಹಂಚಿನಂತೆ ಕಾಯುತ್ತದೆ, ರಾತ್ರಿ ಹಳ್ಳದ ನೀರಿನಂತೆ ತಣ್ಣಗಾಗುತ್ತದೆ. ಬಾಣಂತಿಗೆ ಥಂಡಿ ತಾಕಬಾರದು ಎಂದು ನಮ್ಮ ಆಯಿ (ಅಪ್ಪನ ಅವ್ವ) ಬಳ್ಳಾರಿ ಜಾಲಿ ಕಟಗಿಯ ಕೆಂಡ ಮಾಡಿ, ಶೆಗಡಿಯಲ್ಲಿ ತುಂಬಿ ಹೊರಸಿನ ಕೆಳಗೆ ಇಡುತ್ತಿದ್ದಳು. ಹೊಗೆ ಪೂರ್ತಿ ಹೋಗಿ ಕೆಂಡ ಕೆಂಪಗಾದ ಮೇಲೇ ಒಳಗೆ ತರುತ್ತಿದ್ದಳು. "ಹೊಗಿ ಇಲ್ಲ ಅಂದ್ರ ಏನೂ ಆಗೂದಿಲ್ಲ" ಎಂದು ಆಯಿಯ ನಂಬಿಕೆ.

ಒಂಬತ್ತನೇ ರಾತ್ರಿ ಗಾಳಿ ಬಹಳ ಇತ್ತು. ಬಾಗಿಲ ಕೆಳಗಿನ ಸಂದಿಯಿಂದ ಥಂಡಿ ಬರುತ್ತಿತ್ತು. ಆಯಿ ಹೇಳಿದಳು ಅಂತ ನಾನೇ ಗೋಣಿಚೀಲ ತಂದು ಆ ಸಂದಿಗೆ ತುರುಕಿದೆ. ಕಿಡಕಿಗೆ ಹಳೇ ಪೇಪರ ಅಂಟಿಸಿದೆ. ತಗಡಿನ ಕೆಳಗಿನ ಕಿಂಡಿಗೂ ಅರಿವಿ ತುರುಕಿದೆ. "ಈಗ ಒಂದ್ ಚೂರೂ ಗಾಳಿ ಬರೂದಿಲ್ಲ ನೋಡು" ಎಂದು ಅಕ್ಕನಿಗೆ ಹೇಳಿ, ನಡುಮನೆಗೆ ಹೋಗಿ ಮಲಗಿದೆ.

ನಸುಕಿನಲ್ಲಿ ಏನೋ ಬಿದ್ದ ಸಪ್ಪಳಕ್ಕೆ ಅಪ್ಪನಿಗೆ ಎಚ್ಚರವಾಯಿತು. ಅಕ್ಕ ಬಾಗಿಲ ತನಕ ಬಂದು ಅಲ್ಲೇ ಬಿದ್ದಿದ್ದಳು. ತಲೆ ಸಿಡಿಯುತ್ತದೆ, ಕಾಲಲ್ಲಿ ಬಲ ಇಲ್ಲ ಅಂತಿದ್ದಳು. ವಾಂತಿ ಮಾಡಿಕೊಂಡಿದ್ದಳು. ಕೂಸು ಅಳಲಿಲ್ಲ, ಕೈಕಾಲು ಜೋಲು ಬಿಟ್ಟಿತ್ತು. ಆಯಿ "ದೃಷ್ಟಿ ಆಗೇತಿ" ಎಂದು ಉಪ್ಪು ಮೆಣಸಿನಕಾಯಿ ತರಲು ಒಳಗೆ ಓಡಿದಳು. ಅಪ್ಪ ಮಾತ್ರ ಇಬ್ಬರನ್ನೂ ಎತ್ತಿಕೊಂಡು ಹೊರಗಿನ ಕಟ್ಟೆಗೆ ತಂದರು. ಆ ಥಂಡಿ ಗಾಳಿಯಲ್ಲಿ ಸ್ವಲ್ಪ ಹೊತ್ತಿಗೆ ಕೂಸು ಸಣ್ಣಗೆ ಅಳಲು ಶುರು ಮಾಡಿತು. ಕೂಸಿನ ಅಳು ಕೇಳಿ ನಮ್ಮವ್ವ ಅತ್ತಳು. 108 ಗಾಡಿಯಲ್ಲಿ ದವಾಖಾನೆಗೆ ಒಯ್ದರು. ಅಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಡಾಕ್ಟರು ಕೇಳಿದ ಮೊದಲನೇ ಪ್ರಶ್ನೆಯೇ "ಖೋಲ್ಯಾಗ ಕೆಂಡ ಇಟ್ಟಿದ್ರೇನು?" ಎಂಬುದು.

ದೇವರ ದಯೆಯಿಂದ ಇಬ್ಬರೂ ಉಳಿದರು. ಆದರೆ ಸಂದಿಗೆ ಗೋಣಿಚೀಲ ತುರುಕಿದವಳು ನಾನು. ಅದು ನನಗೆ ಇನ್ನೂ ಮರೆತಿಲ್ಲ.

ಹೊಗೆ ಇಲ್ಲದ ಕೆಂಡ ಯಾಕೆ ಅಪಾಯ?

ಕಟ್ಟಿಗೆಯಾಗಲಿ ಇದ್ದಿಲಾಗಲಿ ಉರಿಯಲು ಆಮ್ಲಜನಕ ಬೇಕು. ಗಾಳಿ ಸಾಕಷ್ಟು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಹೋದರೆ ಅರೆಬರೆ ಉರಿದು ಇಂಗಾಲದ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆ ಆದರೆ ಕಣ್ಣಿಗೆ ಕಾಣುತ್ತದೆ, ನಾವು ಎದ್ದು ಹೊರಗೆ ಓಡುತ್ತೇವೆ. ಇದು ಗೊತ್ತೇ ಆಗುವುದಿಲ್ಲ.

ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುತ್ತದೆ ಎಂದು ಗುರುಗಳು ಕಲಿಸಿದ್ದಾರೆ. ಈ ವಿಷಾನಿಲ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಮೊದಲೇ ಬೇರೆಯವರು ಕುಂತರೆ ನಮಗೆ ಜಾಗ ಎಲ್ಲಿ? ಹಾಗೆ ಆಮ್ಲಜನಕಕ್ಕೆ ಜಾಗ ಸಿಗುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಂತಿ, ನಿದ್ದೆ. ನಿದ್ದೆಯಲ್ಲಿದ್ದವರು ಎಷ್ಟೋ ಸಲ ಏಳುವುದೇ ಇಲ್ಲ.

2025ರ ನವೆಂಬರದಲ್ಲಿ ನಮ್ಮ ಪಕ್ಕದ ಬೆಳಗಾವಿಯಲ್ಲೇ ಹೀಗಾಯಿತು. ಥಂಡಿ ಅಂತ ಸಣ್ಣ ಖೋಲಿಯಲ್ಲಿ ಇದ್ದಿಲ ಬೆಂಕಿ ಇಟ್ಟು ಬಾಗಿಲು ಹಾಕಿಕೊಂಡು ಮಲಗಿದ್ದ ಮೂವರು ತರುಣರು ಬೆಳಗಾಗುವಷ್ಟರಲ್ಲಿ ತೀರಿಹೋಗಿದ್ದರು. ಗಟ್ಟಿಮುಟ್ಟು ಹುಡುಗರಿಗೇ ಹೀಗಾದರೆ ಒಂಬತ್ತು ದಿನದ ಕೂಸಿನ ಗತಿ ಏನು?

ಕಾವು ಹೇಗೆ ಹೋಗುತ್ತದೆ?

ಕೆಂಡ ಇಡಬಾರದು, ಸರಿ. ಹಾಗಾದರೆ ಬಾಣಂತಿ ನಡುಗಬೇಕೇ? ಇದನ್ನು ನಾನು ವಿಜ್ಞಾನ ಗುರುಗಳಿಗೆ ಕೇಳಿದೆ. ಅವರು, "ನಿಮ್ಮ ಮನಿಗೆ ಹೊಸ ಕಾವು ಬೇಕಾಗಿಲ್ಲ. ಇದ್ದ ಕಾವು ಎಲ್ಲಿ ಹೊಂಟೈತಿ ಅದನ್ನ ಹುಡುಕು" ಎಂದರು.

ನೋಡಿರಿ, ನಮ್ಮದು ಎರಿ ಭೂಮಿಯ ಬಯಲು. ದೀಪಾವಳಿ ಮುಗಿಯುವ ಹೊತ್ತಿಗೆ ಥಂಡಿ ಶುರುವಾಗಿ ಶಿವರಾತ್ರಿಗೆ ಶಿವ ಶಿವಾ ಅಂತ ಹೋಗುತ್ತದೆ. ರಾತ್ರಿ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ, ಕೆಲವು ದಿನ ಇನ್ನೂ ಕೆಳಗೆ ಇಳಿಯುತ್ತದೆ. ಆದರೆ ಹಗಲು? ಕಡ್ಲಿ ಹೊಲದಲ್ಲಿ ನಿಂತರೆ ಬಿಸಿಲು ಚುರ್ ಅಂತದೆ. ಕಾಶ್ಮೀರದಂತೆ ನಮಗೆ ಹಗಲೂ ಥಂಡಿ ಇಲ್ಲ. ಹಗಲಿನ ಪುಕ್ಕಟೆ ಕಾವನ್ನು ರಾತ್ರಿ ತನಕ ಹಿಡಿದಿಟ್ಟರೆ ಸಾಕು.

ಕಾವು ಮೂರು ದಾರಿಯಲ್ಲಿ ಹೋಗುತ್ತದೆ.

1) ವಹನ: ಮುಟ್ಟಿದ್ದರ ಮೂಲಕ ಹೋಗುವುದು. ಫರಸಿ ಮೇಲೆ ಬರಿಗಾಲಿಟ್ಟರೆ ಕಾಲಿನ ಕಾವನ್ನು ಫರಸಿ ಎಳೆದುಕೊಳ್ಳುತ್ತದೆ.

2) ಸಂವಹನ: ಗಾಳಿಯ ಸಂಗಡ ಹೋಗುವುದು. ಬಿಸಿ ಗಾಳಿ ಮೇಲೇರುತ್ತದೆ, ಅದರ ಜಾಗಕ್ಕೆ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತದೆ.

3) ವಿಕಿರಣ: ಯಾವುದನ್ನೂ ಮುಟ್ಟದೆ ಹೋಗುವುದು. ಸೂರ್ಯನ ಕಾವು ನಮಗೆ ಬರುವುದು ಹೀಗೆ. ರಾತ್ರಿ ಮೋಡ ಇಲ್ಲದಾಗ ನೆಲದ ಕಾವು, ತಗಡಿನ ಕಾವು ಆಕಾಶಕ್ಕೆ ಹೋಗುವುದೂ ಹೀಗೆ. ಮೋಡ ಭೂಮಿಯ ಕೌದಿ ಇದ್ದ ಹಾಗೆ. ಮೋಡ ಕವಿದ ರಾತ್ರಿ ಥಂಡಿ ಕಡಿಮೆ ಇರುತ್ತದೆ, ಈ ಸಲ ಗಮನಿಸಿರಿ.

ಈಗ ನಮ್ಮ ಹೊಸ ಖೋಲಿಯ ತಪ್ಪು ಗೊತ್ತಾಯಿತು. ತಗಡು ತೆಳುವು. ಹಗಲಿನ ಕಾವನ್ನು ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಹೊತ್ತು ಮುಳುಗಿದ ಕೂಡಲೇ ತಣ್ಣಗಾಗುತ್ತದೆ. ಹಳೇ ಮನೆಯ ಮಣ್ಣಿನ ಗೋಡೆ ಮೊಣಕೈ ಉದ್ದದಷ್ಟು ದಪ್ಪ. ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ಇದು ಹಗಲೆಲ್ಲ ನಿಧಾನವಾಗಿ ಕಾಯ್ದು ರಾತ್ರಿಯೆಲ್ಲ ನಿಧಾನವಾಗಿ ಕಾವು ಬಿಡುತ್ತದೆ. ಬ್ಯಾಸಗಿಯಲ್ಲಿ ತಂಪು, ಥಂಡಿಯಲ್ಲಿ ಬೆಚ್ಚಗೆ ಎಂದು ಹಿರಿಯರು ಹೇಳುವುದು ಇದಕ್ಕೇ. ನಾವು ಹೊಸದು ಛಲೋ ಎಂದು ತಿಳಿದು ಬಾಣಂತಿಯನ್ನು ಮನೆಯಲ್ಲೇ ಎಲ್ಲಕ್ಕಿಂತ ಥಂಡಿ ಜಾಗದಲ್ಲಿ ಮಲಗಿಸಿದ್ದೆವು!

ನಾವು ಮಾಡಿದ ಪ್ರಯೋಗ

ಒಂದೇ ಅಳತೆಯ ಎರಡು ಸ್ಟೀಲ್ ತಂಬಿಗೆಯಲ್ಲಿ 70 ಡಿಗ್ರಿ ಬಿಸಿ ನೀರು ಹಾಕಿ ಮುಚ್ಚಳ ಮುಚ್ಚಿದೆವು. ಒಂದನ್ನು ಹಾಗೇ ಬಿಟ್ಟೆವು, ಒಂದಕ್ಕೆ ಕೌದಿ ತುಂಡು ಸುತ್ತಿದೆವು. ಒಂದು ತಾಸಿನ ನಂತರ ಶಾಲೆಯ ಥರ್ಮಾಮೀಟರ್ ಇಟ್ಟು ನೋಡಿದರೆ ಬರೀ ತಂಬಿಗೆಯ ನೀರು 43 ಡಿಗ್ರಿ, ಕೌದಿ ಸುತ್ತಿದ್ದು 54 ಡಿಗ್ರಿ. ಕೌದಿ ತಾನಾಗಿ ಬಿಸಿ ಇಲ್ಲ, ಬೆಂಕಿಯೂ ಇಲ್ಲ. ಬರೀ ಇದ್ದ ಕಾವನ್ನು ಹಿಡಿದಿಟ್ಟಿತು. ನಮ್ಮ ಮೈಯೂ ಒಂದು ಬಿಸಿ ನೀರಿನ ತಂಬಿಗೆ ಇದ್ದ ಹಾಗೆ ಎಂದು ಗುರುಗಳು ಹೇಳಿದರು.

ನಾವು ಮನೆಯಲ್ಲಿ ಮಾಡಿದ ಉಪಾಯಗಳು

1) ಜಾಗ ಬದಲು ಮಾಡಿದೆವು. ನಮ್ಮ ಬಚ್ಚಲ ಒಲೆಯ ಹಿಂದಿನ ಗೋಡೆ ಹಳೇ ಖೋಲಿಗೆ ಹತ್ತಿದೆ. ಬಾಣಂತಿಗೆ ಎರೆಯಲು ಹೇಗೂ ದಿನಾ ಹಂಡೆ ನೀರು ಕಾಯಿಸುತ್ತಾರೆ. ಆ ಒಲೆಯ ಕಾವು ಗೋಡೆಯಲ್ಲಿ ಇಳಿದಿರುತ್ತದೆ. ರಾತ್ರಿ ಹತ್ತಕ್ಕೆ ನಾನು ಗೋಡೆಗೆ ಕೈ ಹಚ್ಚಿ ನೋಡಿದೆ, ಬೆಚ್ಚಗಿತ್ತು. ಹೊರಸನ್ನು ಆ ಗೋಡೆಗೆ ಹತ್ತಿಸಿ ಹಾಕಿದೆವು. ಹೊಗೆ ಬಚ್ಚಲಿನಿಂದ ಹೊರಗೆ ಹೋಗುತ್ತದೆ, ಕಾವು ಮಾತ್ರ ಖೋಲಿಗೆ ಬರುತ್ತದೆ. ಖರ್ಚು: ಏನೂ ಇಲ್ಲ.

2) ಹಗಲು ಕಿಡಕಿ ಬಾಗಿಲು ತೆರೆದು ಬಿಸಿಲು ಒಳಗೆ ಬಿಡುವುದು, ನಾಲ್ಕೂವರೆ ಐದಕ್ಕೆ ಹೊತ್ತು ಇಳಿಯುವ ಮುಂಚೆ ಹಾಕುವುದು. ನಾವು ಮೊದಲು ದೀಪ ಹಚ್ಚಿದ ಮೇಲೆ ಕಿಡಕಿ ಹಾಕುತ್ತಿದ್ದೆವು. ಅಷ್ಟರಲ್ಲಿ ಕಾವು ಹೋಗಿರುತ್ತಿತ್ತು.

3) ಮೇಲಿನದಕ್ಕಿಂತ ಕೆಳಗಿನದು ಮುಖ್ಯ. ನೆಲದ ಮೇಲೆ ಮಲಗುವವರು ಬಹಳ ಹೊಚ್ಚಿಕೊಂಡರೂ ಥಂಡಿ ಅನ್ನುತ್ತಾರೆ. ಕಾರಣ ಕಾವು ಕೆಳಗೆ ಇಳಿದು ಹೋಗುತ್ತದೆ. ಮೊದಲು ಒಣಗಿದ ಕಣಕಿ ಇಲ್ಲವೇ ಗೋಣಿಚೀಲ, ಅದರ ಮೇಲೆ ಜಮಖಾನೆ, ಅದರ ಮೇಲೆ ಕೌದಿ ಹಾಸಬೇಕು. ನಮ್ಮ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು ನೇಯುವವರು ಹೆಣ್ಣುಮಕ್ಕಳೇ. ಹೊರಸಿನ ಮೇಲೆ ಮಲಗುವವರೂ ಕೆಳಗೆ ಹಾಸಬೇಕು, ಯಾಕೆಂದರೆ ಹೊರಸಿನ ಹಗ್ಗದ ಸಂದಿಯಿಂದ ಗಾಳಿ ಆಡುತ್ತದೆ. ಕಲಘಟಗಿ ತೊಟ್ಟಿಲು ಎಷ್ಟೇ ಚಂದ ಇರಲಿ, ಅದರಲ್ಲಿ ಕೂಸಿನ ಕೆಳಗೂ ಒಂದು ಮಡಿಕೆ ಕೌದಿ ಬೇಕು.

4) ಒಂದು ದಪ್ಪಕ್ಕಿಂತ ಎರಡು ತೆಳುವು ಛಲೋ. ಗಾಳಿ ಕಾವಿನ ಅವಾಹಕ. ಎರಡು ಹೊದಿಕೆಯ ನಡುವೆ ಗಾಳಿಯ ಒಂದು ಪದರು ನಿಲ್ಲುತ್ತದೆ. ಕೌದಿಯಲ್ಲಿ ಹಳೇ ಸೀರೆ, ಧೋತ್ರಗಳ ಎಷ್ಟೋ ಪದರು ಇರುತ್ತವೆ, ಪದರಿನ ನಡುವೆ ಗಾಳಿ. ಕುರುಬರ ಕಂಬಳಿಯ ಉಣ್ಣಿಯಲ್ಲೂ ಸಣ್ಣ ಸಣ್ಣ ಸಂದಿಯಲ್ಲಿ ಗಾಳಿ ಸಿಕ್ಕಿರುತ್ತದೆ. ನಾವು ಕೌದಿಯ ಮೇಲೆ ಕಂಬಳಿ ಹೊಚ್ಚಿದೆವು. ಆಯಿ ಸುಮ್ಮನೆ ಕೂಡಲಿಲ್ಲ, ಅಕ್ಕನ ಹಳೇ ಸೀರೆಗಳಿಂದ ಕೂಸಿಗೆ ಒಂದು ಸಣ್ಣ ಕೌದಿ ಹೊಲಿದಳು. ಖರ್ಚು: ದಾರದ್ದು ಮಾತ್ರ.

5) ಹಾಸಿಗೆ ದಿನಾ ಬಿಸಿಲಿಗೆ ಹಾಕುವುದು. ಹಸಿ ಆದ ಕೌದಿಯಲ್ಲಿ ಗಾಳಿಯ ಜಾಗದಲ್ಲಿ ನೀರು ಇರುತ್ತದೆ, ನೀರು ಕಾವನ್ನು ಬೇಗ ಕಳೆಯುತ್ತದೆ. ಉಚ್ಚೆ ಹೊಯ್ದ ಅರಿವೆಯನ್ನು ಕೂಸಿನ ಕೆಳಗಿನಿಂದ ಕೂಡಲೇ ತೆಗೆಯಬೇಕು.

6) ತಲೆ, ಕಿವಿ, ಅಂಗಾಲು ಮುಚ್ಚುವುದು. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಅಲ್ಲಿಂದ ಕಾವು ಬಹಳ ಹೋಗುತ್ತದೆ. ನಮ್ಮ ಹಿರಿಯರ ಕುಂಚಿಗೆ ಇದಕ್ಕೇ ಇದೆ.

7) ಕಾಲ ಬುಡಕ್ಕೆ ಬಿಸಿ ನೀರು. ಸ್ಟೀಲ್ ಬಾಟಲಿಯಲ್ಲಿ ಬಿಸಿ ನೀರು ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ, ಮೇಲೆ ದಪ್ಪ ಟವೆಲ್ ಸುತ್ತಿ ದೊಡ್ಡವರ ಹಾಸಿಗೆಯಲ್ಲಿ ಕಾಲ ಕಡೆ ಇಡಬೇಕು. ಕೂಸಿನ ಹತ್ತಿರ ಇಡಬಾರದು, ಚರ್ಮ ಸುಡುತ್ತದೆ.

ಆಶಾ ಕಾರ್ಯಕರ್ತೆ ಹೇಳಿದ್ದು

ದವಾಖಾನೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾರೆ. 14ನೇ ದಿನ ಬಂದಾಗ ಅವರು ಕೂಸಿಗೆ ಥಂಡಿ ಆಗಿದೆಯೋ ಇಲ್ಲವೋ ನೋಡುವ ಸುಲಭ ರೀತಿ ಕಲಿಸಿದರು. ಕೈ ಬೆಚ್ಚಗೆ ಮಾಡಿಕೊಂಡು ಕೂಸಿನ ಹೊಟ್ಟೆ ಮುಟ್ಟಬೇಕು, ಆಮೇಲೆ ಅಂಗಾಲು ಮುಟ್ಟಬೇಕು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಸಿಗೆ ಥಂಡಿ ಆಗುತ್ತಿದೆ ಎಂದರ್ಥ. ಎರಡೂ ತಣ್ಣಗಿದ್ದರೆ ತಡ ಮಾಡದೆ ದವಾಖಾನೆಗೆ ಒಯ್ಯಬೇಕು.

"ಕೂಸಿಗೆ ಎಲ್ಲಾಕಿಂತ ಛಲೋ ಶೆಗಡಿ ಅಂದ್ರ ತಾಯಿ ಎದಿ" ಎಂದರು. ಕೂಸಿನ ಅಂಗಿ ತೆಗೆದು, ಕುಂಚಿಗೆ ಇಟ್ಟು, ತಾಯಿಯ ಎದೆಗೆ ಮೈಗೆ ಮೈ ಹತ್ತುವಂತೆ ಅವಚಿಕೊಂಡು ಮೇಲೆ ಕೌದಿ ಹೊಚ್ಚಬೇಕು. ತಾಯಿಯ ಮೈಕಾವು ಕೂಸಿಗೆ ಬರುತ್ತದೆ. ಅಕ್ಕ ಹಾಗೇ ಮಾಡಿದಳು. ಆಯಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಕೂಸಿನ ಅಂಗಾಲು ಮುಟ್ಟಿ ನೋಡಿ "ಬೆಚ್ಚಗ ಐತಿ ಬಿಡು" ಎಂದಳು.

ಹೀಟರ್ ತರಬಹುದಲ್ಲ?

ನಮ್ಮ ಮಾವ ಹುಬ್ಬಳ್ಳಿಯಿಂದ ಕರೆಂಟ್ ಹೀಟರ್ ತರುತ್ತೇನೆ ಎಂದರು. ನಾನು ಲೆಕ್ಕ ಮಾಡಿದೆ. 1000 ವ್ಯಾಟ್ ಒಂದು ತಾಸು ಉರಿದರೆ ಒಂದು ಯೂನಿಟ್. 2000 ವ್ಯಾಟಿನ ಹೀಟರ್ ರಾತ್ರಿ 8 ತಾಸು ಉರಿದರೆ 16 ಯೂನಿಟ್. ತಿಂಗಳಿಗೆ 480 ಯೂನಿಟ್! 2023ರಲ್ಲಿ ಶುರುವಾದ ಗೃಹಜ್ಯೋತಿಯ ಮಿತಿಯೇ 200 ಯೂನಿಟ್. ಅಪ್ಪ ಲೆಕ್ಕ ನೋಡಿ "ಬ್ಯಾಡ ಬಿಡ್ರಿ" ಎಂದರು.

ಬೇರೆ ಕಡೆ ಹೇಗೆ ಮಾಡುತ್ತಾರೆ?

ಕೊರಿಯಾ ದೇಶದಲ್ಲಿ ಒಂದೋಲ್ ಎಂಬ ಹಳೇ ಪದ್ಧತಿ ಇದೆ. ಅಡಿಗೆ ಒಲೆಯ ಬಿಸಿ ಹೊಗೆಯನ್ನು ಮಲಗುವ ಕೋಣೆಯ ನೆಲದ ಕೆಳಗಿನ ದಾರಿಯಿಂದ ಹಾಯಿಸಿ ಆಚೆ ಕಡೆ ಚಿಮಣಿಯಿಂದ ಹೊರಗೆ ಬಿಡುತ್ತಾರೆ. ನೆಲವೇ ಬೆಚ್ಚಗಾಗುತ್ತದೆ. ನಮ್ಮ ಬಚ್ಚಲ ಗೋಡೆಯ ಉಪಾಯವೂ ಅದೇ ಜಾತಿಯದು ಎಂದು ಗುರುಗಳು ಹೇಳಿದಾಗ ಅಪ್ಪನಿಗೆ ಬಹಳ ಖುಷಿಯಾಯಿತು. ಆದರೆ ಅಲ್ಲಿಯೂ ಕಲ್ಲಿದ್ದಲ ಬಿಲ್ಲೆ ಉರಿಸುವ ಕಾಲದಲ್ಲಿ ನೆಲದ ಬಿರುಕಿನಿಂದ ಈ ವಿಷಾನಿಲ ಬಂದು ಬಹಳ ಜನ ಸತ್ತರಂತೆ. ನಾವೂ ನಮ್ಮ ಗೋಡೆಯ ಬಿರುಕನ್ನು ಮಣ್ಣು ಸಗಣಿ ಕಲಸಿ ಮೆತ್ತಿದೆವು.

ನಮ್ಮ ಕರ್ನಾಟಕದಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ಕೇಂದ್ರ ಹುಟ್ಟಿತು. ಅಲ್ಲಿಯವರು ಮಾಡಿದ್ದೇ ಅಸ್ತ್ರ ಒಲೆ. ಬೆಂಕಿ ಒಳಗೆ ಮುಚ್ಚಿರುತ್ತದೆ, ಹೊಗೆ ಕೊಳವೆಯಿಂದ ಮೇಲೆ ಹೋಗುತ್ತದೆ, ಕಟ್ಟಿಗೆ ಕಡಿಮೆ ಸಾಕು. ಅಡವಿ ಇಲ್ಲದ ನಮ್ಮ ತಾಲೂಕಿನಲ್ಲಿ ಹತ್ತಿ ಕಟಗಿ, ಕುಳ್ಳು ನಂಬಿದವರಿಗೆ ಇಂಥ ಒಲೆ ಒಳ್ಳೆಯದು.

ಬೆಂಕಿ ಕಾಸಲೇಬೇಕು ಎಂದರೆ

ಸೀತನಿ ಸುಡುವಾಗ, ಹೊಲ ಕಾಯುವಾಗ ಬೆಂಕಿ ಕಾಸುವುದು ಚಂದ. ಕಾಸಿರಿ, ಆದರೆ ಬಯಲಲ್ಲಿ ಕಾಸಿರಿ. ಕೆಳಗಿನವನ್ನು ನೆನಪಿಡಿರಿ.

ಅ) ಮಲಗುವ ಖೋಲಿಯಲ್ಲಿ ಕೆಂಡ, ಶೆಗಡಿ ಬೇಡ. ಹೊರಸಿನ ಕೆಳಗೆ, ತೊಟ್ಟಿಲ ಕೆಳಗೆ ಬೇಡವೇ ಬೇಡ.
ಆ) ಬಾಣಂತಿಗೆ, ಕೂಸಿಗೆ ಲೋಬಾನದ ಹೊಗೆ ಹಾಕುವುದೂ ಬೇಡ. ಕೂಸಿನ ಉಸಿರಿಗೆ ತೊಂದರೆ.
ಇ) ಬಾಗಿಲ ಕೆಳಗಿನ ಸಂದಿ ಮುಚ್ಚಬಹುದು. ಆದರೆ ಮೇಲಿನ ಬೆಳಕಿಂಡಿ ಎಂದೂ ಮುಚ್ಚಬಾರದು. ಸ್ವಲ್ಪ ಕಾವು ಹೋದರೂ ಚಿಂತೆಯಿಲ್ಲ, ಉಸಿರು ಮುಖ್ಯ.
ಈ) ಒಂದೇ ಖೋಲಿಯಲ್ಲಿ ಎಲ್ಲರಿಗೂ ಒಮ್ಮೆಲೇ ತಲೆನೋವು ಬಂದರೆ ದೃಷ್ಟಿ ಅಲ್ಲ, ಗಾಳಿ ಕೆಟ್ಟಿದೆ ಎಂದು ತಿಳಿಯಿರಿ. ಮೊದಲು ಎಲ್ಲರನ್ನೂ ಹೊರಗೆ ತನ್ನಿರಿ, ಆಮೇಲೆ 108ಕ್ಕೆ ಫೋನ್ ಮಾಡಿರಿ.

ಕೊನೆಯ ಮಾತು

ಈಗ ಆ ಕೂಸು ನಮ್ಮ ಮನೆಗೆ ಬಂದರೆ ಅಂಬೆಗಾಲಿಟ್ಟು ನನ್ನ ಪಾಟೀಚೀಲ ಎಳೆಯುತ್ತದೆ. ಶೆಗಡಿ ಈಗ ಅಂಗಳದಲ್ಲಿ ಇದೆ, ಅದರಲ್ಲಿ ಆಯಿ ತುಳಸಿ ಹಚ್ಚಿದ್ದಾಳೆ.

ಗೆಳೆಯರೇ, ಇವತ್ತು ಸಂಜೆ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿರಿ. ನಿಮ್ಮ ಮಲಗುವ ಖೋಲಿಯ ಬೆಳಕಿಂಡಿ ತೆರೆದಿದೆಯೋ ನೋಡಿರಿ. ನಿಮ್ಮ ಓಣಿಯಲ್ಲಿ ಯಾರಾದರೂ ಬಾಣಂತಿ ಇದ್ದರೆ ಅವರ ಮನೆಯ ಹಿರಿಯರಿಗೆ ಈ ಸಂಗತಿ ಹೇಳಿರಿ. "ನಿನಗೇನ್ ಗೊತ್ತಾಗ್ತೈತಿ" ಎಂದು ಬೈದರೂ ಹೇಳಿರಿ. ನನಗೂ ಯಾರಾದರೂ ಮೊದಲೇ ಹೇಳಿದ್ದರೆ ನಾನು ಆ ಗೋಣಿಚೀಲ ತುರುಕುತ್ತಿರಲಿಲ್ಲ.

ಬರೆಯುವಾಗ ತಪ್ಪಾಗಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇತಿ ನಿಮ್ಮ ಗೆಳತಿ,
7ನೇ ತರಗತಿ ವಿದ್ಯಾರ್ಥಿನಿ